ಜಾವಗಲ್ಲಿನ ದಾನ: ಹೊಯ್ಸಳರ ಕಾಲದ ಸ್ವಾಮ್ಯವಿಚಾರ

ಅರ್ಥಶಾಸ್ತ್ರಕ್ಕೆ ಭಟ್ಟಸ್ವಾಮಿಯು ಬರೆದ ವ್ಯಾಖ್ಯಾನದಲ್ಲಿ ಉದಾಹೃತವಾಗಿರುವ ಒಂದು ಶ್ಲೋಕವು, ಭೂಮಿಗೂ ನೀರಿಗೂ ಅರಸನು ಪತಿಯೆಂದೂ, ಇವೆರಡನ್ನುಳಿದ ದ್ರವ್ಯಗಳಲ್ಲಿ ಕುಟುಂಬಿಗಳಿಗೆ ಸ್ವಾಮ್ಯವೆಂದೂ ಸಾರುತ್ತದೆ. ಇದನ್ನು ಮುಂದಿಟ್ಟುಕೊಂಡು ವಿನ್ಸೆಂಟ್ ಸ್ಮಿತ್ ಮಹಾಶಯರು ಈ ದೇಶದ ನೆಲವೆಲ್ಲ ರಾಜನ ಸ್ವತ್ತೆಂದು ಸಾಧಿಸಲೆಳಸಿದರು. 1924ರಲ್ಲಿ ಹಿಂದೂ ರಾಜ್ಯಶಾಸ್ತ್ರವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದ ಕಾಶೀಪ್ರಸಾದ ಜಾಯಸವಾಲರು ಅದನ್ನು ಉಗ್ರವಾಗಿ ಖಂಡಿಸಿ, ಅರಸನು ನೆಲದ ರಕ್ಷಕನೇ ಹೊರತು ಒಡೆಯನಲ್ಲವೆಂದರು. ವಾಗ್ವಾದವೆಲ್ಲ ಶ್ಲೋಕದ ಪೂರ್ವಾರ್ಧದಲ್ಲಿಯೇ ಸುತ್ತಿತು. ಮನೆಯ ಒಡವೆವಸ್ತುವನ್ನೂ ಹೊಲಗದ್ದೆಯನ್ನೂ ಶ್ಲೋಕಕಾರನು ಏಕೆ ಬೇರ್ಪಡಿಸಿದನೆಂಬ ಪ್ರಶ್ನೆಗೆ ಸಲ್ಲಬೇಕಾದ ಗಮನವು ಸಂದಿಲ್ಲ.

ಈ ಭೇದವು ಕೇವಲ ಪಂಡಿತಕಲ್ಪನೆಯಲ್ಲವೆಂಬುದಕ್ಕೆ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಶಾಸನವೇ ಸಾಕ್ಷಿ. ದಂಡನಾಯಕ ಗಂಗರಾಜನ ಮಗ ಬೊಪ್ಪದೇವನು ತಂದೆಯ ಪರೋಕ್ಷವಿನಯಕ್ಕಾಗಿ ದೋರಸಮುದ್ರದಲ್ಲಿ 1133ರಲ್ಲಿ ಈ ಜಿನಾಲಯವನ್ನೆತ್ತಿಸಿದನು. ಪ್ರತಿಷ್ಠೆಯ ಶೇಷೆಯನ್ನು ಹಿಡಿದು ಅರ್ಚಕರು ಬಂಕಾಪುರದ ಬೀಡಿನಲ್ಲಿದ್ದ ಹೊಯ್ಸಳ ಅರಸ ವಿಷ್ಣುವರ್ಧನನ ಬಳಿಗೆ ಹೋದಾಗ, ಅವನಿಗೆ ರಣದಲ್ಲಿ ಜಯವೂ ಮನೆಯಲ್ಲಿ ಪುತ್ರೋತ್ಸವವೂ ಒದಗಿದ್ದುವಾಗಿ, ದೇವರಿಗೆ ವಿಜಯಪಾರ್ಶ್ವನೆಂಬ ಹೆಸರನ್ನಿಟ್ಟು, ಇಂದು ಅರಸೀಕೆರೆ ತಾಲ್ಲೂಕಿಗೆ ಸೇರಿರುವ ಜಾವಗಲ್ಲನ್ನು ದತ್ತಿಯಾಗಿ ಬಿಟ್ಟನು. ಕಲ್ಲು, ಕೆಲಸ, ಕಂಬಗಳ ನುಣುಪು, ಇವೆಲ್ಲ ಬೊಪ್ಪದೇವನ ಬೊಕ್ಕಸದಿಂದ ಬಂದುವು. ಗ್ರಾಮವಾದರೋ ಅರಸನ ಕೈಯಿಂದಲೇ ಬರಬೇಕಾಯಿತು.

ಸ್ಮಿತ್ ಮಹಾಶಯರ ಪಕ್ಷದವರು, ಅರಸನೇ ಕೊಟ್ಟನಾದುದರಿಂದ ನೆಲವು ಅರಸನದೇ ಎಂದು ಇಲ್ಲಿಯೇ ತೀರ್ಪಿತ್ತಾರು. ಆದರೆ ಕೊಟ್ಟುದೇನು? ಸರ್ವಸ್ವವನ್ನೂ ದಾನಮಾಡಬೇಕಾದ ವಿಶ್ವಜಿದ್ಯಾಗದಲ್ಲಿಯೂ ಅರಸನು ಮಹಾಭೂಮಿಯನ್ನು ಕೊಡಲಾರನು, ಅದು ಅವನೊಬ್ಬನದಲ್ಲ ಎಂದು ಶಬರಸ್ವಾಮಿ ಜೈಮಿನಿಸೂತ್ರಭಾಷ್ಯದಲ್ಲಿ ನಿರ್ಣಯಿಸಿದನು. ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರು ಜೈಮಿನೀಯನ್ಯಾಯಮಾಲೆಯಲ್ಲಿ ಈ ನಿರ್ಣಯವನ್ನು ಎತ್ತಿಹಿಡಿದರು. ಹದಿನೇಳನೆಯ ಶತಮಾನದ ನೀಲಕಂಠಭಟ್ಟನಂತೂ, ಗೆದ್ದ ಅರಸನಿಗೆ ಸೋತವನ ಸ್ವಂತ ಮನೆ, ಹೊಲ, ಒಡವೆಗಳಲ್ಲಿ ಸ್ವಾಮ್ಯವುಂಟಾಗುವುದೆಂದೂ, ಮಿಕ್ಕ ನೆಲದಲ್ಲಿ ಕರಗ್ರಹಣದ ಅಧಿಕಾರವಷ್ಟೇ ಬರುವುದೆಂದೂ ವಿವೇಚಿಸಿದನು. ಎಂದಮೇಲೆ ವಿಷ್ಣುವರ್ಧನನು ಜಾವಗಲ್ಲಿನಲ್ಲಿ ಧಾರೆಯೆರೆದುದು ತನಗೆ ಸಲ್ಲುವ ಆಯವನ್ನೇ ಹೊರತು, ಉಳುತ್ತಿದ್ದ ಒಕ್ಕಲಿನ ಗದ್ದೆ ಬೆದ್ದಲುಗಳ ಮಣ್ಣನ್ನಲ್ಲವೆಂದೇ ನಮ್ಮ ದೃಢವಾದ ಅಭಿಪ್ರಾಯ.

ಹಾಗಾದರೆ ಆ ಗದ್ದೆಯು ಒಕ್ಕಲಿಗನಿಗೆ ಅವನ ಮಡದಿಯ ಓಲೆಯಂತೆಯೋ ಕೊಟ್ಟಿಗೆಯ ಹಸುವಿನಂತೆಯೋ ಸ್ವಂತವಾಗಿತ್ತೆ? ಇಲ್ಲಿ ಜಾಯಸವಾಲರನ್ನೂ (ಅವರ ಪಾಂಡಿತ್ಯಕ್ಕೆ ನಮ್ಮ ಗೌರವವು ಕಡಿಮೆಯದಲ್ಲ) ನಾವು ಬಿಟ್ಟು ಮುಂದೆ ಸಾಗಬೇಕು. ವಿಷ್ಣುವರ್ಧನನ ಸಾರ್ವಭೌಮನಾದ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ಮಣಿ ಮುತ್ತುಗಳಲ್ಲಿ ತಂದೆಗೆ ಪ್ರಭುತ್ವವುಂಟೆಂದೂ, ಸ್ಥಾವರವನ್ನು, ಆಪತ್ಕಾಲ, ಕುಟುಂಬಪೋಷಣೆ, ಧರ್ಮಕಾರ್ಯ ಇವುಗಳ ಹೊರತು, ಮಕ್ಕಳ ಒಪ್ಪಿಗೆಯಿಲ್ಲದೆ ಪರಾಧೀನಗೊಳಿಸಲಾಗದೆಂದೂ ವಿವರಿಸುತ್ತಾನೆ. ನೆಲವು ಕೈಬದಲಾಗಲು ಗ್ರಾಮ, ಜ್ಞಾತಿ, ಸಾಮಂತ (ಎಂದರೆ ನೆರೆಹೊಲದವರು), ದಾಯಾದರ ಅನುಮತಿಯೂ, ಹೊನ್ನು ನೀರುಗಳ ಧಾರೆಯೂ ಬೇಕು. ಗ್ರಾಮದ ಅನುಮತಿಯು ವ್ಯವಹಾರದ ಪ್ರಕಾಶಕ್ಕಾಗಿ, ನೆರೆಹೊಲದವರದು ಎಲ್ಲೆಯ ತಗಾದೆ ತಪ್ಪಿಸುವುದಕ್ಕಾಗಿ ಎಂದು ಅವನೇ ಬಿಡಿಸಿ ಹೇಳಿರುವಾಗ, ಗ್ರಾಮಸಮುದಾಯವೇ ಒಡೆಯನೆಂದು ಹಾಡುವವರಿಗೂ ಇಲ್ಲಿ ನೆಲೆಯಿಲ್ಲ. ಈ ಟೀಕೆಯನ್ನು ದಾಯಭಾಗದ ವ್ಯಾಜ್ಯಗಳಿಗಾಗಿ ಮಾತ್ರ ತಿರುವಿಹಾಕಿ, ಅದೇ ಕಾಲದ ದಾನಶಾಸನಗಳ ಪಕ್ಕದಲ್ಲಿಟ್ಟು ಓದದಿರುವುದು ನಮ್ಮ ಇತಿಹಾಸಕಾರರ ಅಕ್ಷಮ್ಯವಾದ ಔದಾಸೀನ್ಯ.

ಒಡವೆಯೂ ಪಾತ್ರೆಯೂ ಬಳಸುವವನ ಬದುಕಿನೊಳಗೇ ಮುಗಿಯುತ್ತವೆ. ಹೊಲವಾದರೋ ಹುಟ್ಟಲಿರುವ ಮಕ್ಕಳ ಅನ್ನವನ್ನೂ, ಅನ್ಯರ ದುಡಿಮೆಯನ್ನೂ, ಅರಸನ ಪಾಲನ್ನೂ ಒಳಗೊಂಡಿದೆ. ಅದರ ಮೇಲಣ ಹಕ್ಕು ಮನುಷ್ಯರ ಮೇಲಣ ಹಕ್ಕೂ ಆಗುವುದರಿಂದಲೇ ಅದಕ್ಕೆ ಅಷ್ಟೊಂದು ಜನರ ಸಮ್ಮತಿ. ಮೈಸೂರು ಸರಕಾರವು 1954ರ ಕಾಯಿದೆಯಿಂದ ವೈಯಕ್ತಿಕ ಇನಾಮುಗಳನ್ನು ರದ್ದುಪಡಿಸಿದಾಗ, ಇನಾಮುದಾರನ ಗ್ರಾಮಾಧಿಕಾರವನ್ನು ಕಳೆದು, ಅವನು ಸ್ವತಃ ಸಾಗುವಳಿ ಮಾಡುತ್ತಿದ್ದ ಜಮೀನನ್ನು ಅವನಿಗೇ ಉಳಿಸಿತು. ಇದನ್ನು ಪರದೇಶದ ತತ್ತ್ವದ ಅನುಕರಣವೆಂದು ಆಕ್ಷೇಪಿಸುವವರು, ಆಯದ ಹಕ್ಕು ಬೇರೆ, ಸ್ವಂತದ ಹೊಲಮನೆ ಬೇರೆ ಎಂಬ ವಿವೇಕವು ನೀಲಕಂಠಭಟ್ಟನ ಪುಟಗಳಲ್ಲಿಯೇ ಇರುವುದನ್ನು ಮೊದಲು ಓದತಕ್ಕದ್ದು.