ಕೆಳ ನ್ಯಾಯಾಲಯದ ತೀರ್ಪನ್ನು ರದ್ದುಪಡಿಸುವ ಅಧಿಕಾರ ಯಾರಿಗೆ?

ರಾಯಚೂರು: ದೇವದುರ್ಗ ಅಥವಾ ಮಾನ್ವಿಯ ನ್ಯಾಯಾಲಯದಲ್ಲಿ ಜಮೀನಿನ ದಾವೆ ಸೋತ ರೈತನೊಬ್ಬ ಮುಂದೆ ಯಾರ ಬಳಿಗೆ ಹೋಗಬೇಕು? ಶಾಸಕರ ಮನೆ, ಜಿಲ್ಲಾಧಿಕಾರಿಗಳ ಕಚೇರಿ, ಸಚಿವರ ಅಹವಾಲು ಸಭೆ ಎಂದು ಸುತ್ತಿದರೆ ಕಾಲಹರಣವಷ್ಟೇ. ತೀರ್ಪನ್ನು ತಳ್ಳಿಹಾಕುವ ಅಧಿಕಾರ ಇವರಲ್ಲಿ ಯಾರಿಗೂ ಇಲ್ಲ. ಅದು ಮೇಲಿನ ನ್ಯಾಯಾಲಯಕ್ಕೆ ಸೇರಿದ್ದು.

ತೀರ್ಪು ನೀಡಿದ ನ್ಯಾಯಾಧೀಶರೂ ಮನಸ್ಸು ಬದಲಿಸಿ ಅದನ್ನು ತಿದ್ದುವಂತಿಲ್ಲ. ಬರವಣಿಗೆಯ ತಪ್ಪನ್ನು ಸರಿಪಡಿಸಬಹುದು. ಸೀಮಿತ ಕಾರಣಗಳಿಗೆ ಪುನರ್ ಪರಿಶೀಲನಾ ಅರ್ಜಿ ಆಲಿಸಬಹುದು. ಕಕ್ಷಿದಾರನ ಗೈರುಹಾಜರಿಯಲ್ಲಿ ಏಕಪಕ್ಷೀಯವಾಗಿ ಹೊರಬಿದ್ದ ಡಿಕ್ರಿ ಮಾತ್ರ ಇದಕ್ಕೆ ಹೊರತು. ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ ಅಥವಾ ಹಾಜರಾಗದಿರಲು ಸಾಕಷ್ಟು ಕಾರಣವಿತ್ತು ಎಂದು ತೋರಿಸಿದರೆ ಅದೇ ನ್ಯಾಯಾಲಯ ಅದನ್ನು ರದ್ದುಪಡಿಸಬಲ್ಲದು.

ಸಿವಿಲ್ ವ್ಯಾಜ್ಯದಲ್ಲಿ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ತೀರ್ಪಿನ ವಿರುದ್ಧದ ಮೇಲ್ಮನವಿ ಹಿರಿಯ ಶ್ರೇಣಿಯ ನ್ಯಾಯಾಧೀಶರ ಮುಂದೆ ಬರುತ್ತದೆ. ಹಿರಿಯ ಶ್ರೇಣಿಯವರ ತೀರ್ಪಿನ ವಿರುದ್ಧದ ಮೇಲ್ಮನವಿ ಅದಕ್ಕೂ ಮೇಲಿನ ನ್ಯಾಯಾಲಯಕ್ಕೆ ಹೋಗುತ್ತದೆ. ಕ್ರಿಮಿನಲ್ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ವಿಧಿಸಿದ ಶಿಕ್ಷೆಯನ್ನು ರಾಯಚೂರಿನ ಸೆಷನ್ಸ್ ನ್ಯಾಯಾಲಯದಲ್ಲಿ, ಸೆಷನ್ಸ್ ನ್ಯಾಯಾಲಯದ ತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬೇಕು. ಮರಣದಂಡನೆಯಂತೂ ಹೈಕೋರ್ಟ್ ದೃಢೀಕರಿಸದೆ ಜಾರಿಯಾಗದು.

ಜಿಲ್ಲೆಯ ಮಟ್ಟಿಗೆ ಹೈಕೋರ್ಟ್ ಎಂದರೆ ಕಲಬುರಗಿ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡ ಇದು 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುನ್ನ ಇಲ್ಲಿನ ಕಕ್ಷಿದಾರರು ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿಗೇ ಅಲೆಯಬೇಕಿತ್ತು.

ಗಡುವು ಕಟ್ಟುನಿಟ್ಟು. ಸಿವಿಲ್ ಮೇಲ್ಮನವಿಯನ್ನು ಜಿಲ್ಲೆಯೊಳಗಿನ ನ್ಯಾಯಾಲಯಕ್ಕೆ 30 ದಿನಗಳಲ್ಲಿ, ಹೈಕೋರ್ಟಿಗೆ 90 ದಿನಗಳಲ್ಲಿ ಸಲ್ಲಿಸಬೇಕು. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ಅವಧಿಯನ್ನು ಇದರಲ್ಲಿ ಲೆಕ್ಕಿಸುವುದಿಲ್ಲವಾದ್ದರಿಂದ ಪ್ರತಿಗೆ ಕೂಡಲೇ ಅರ್ಜಿ ಹಾಕುವುದು ಲೇಸು. ವಿಳಂಬವಾದರೆ ಸಕಾರಣ ತೋರಿಸಬೇಕು. ಮನ್ನಿಸುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿಯ ಜಾರಿ ನಿಲ್ಲದು, ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೋರಬೇಕು. ಇದನ್ನರಿಯದೆ ನಿಶ್ಚಿಂತರಾಗಿ ಕುಳಿತವರು ಜಮೀನಿನ ಸ್ವಾಧೀನವನ್ನೇ ಕಳೆದುಕೊಳ್ಳಬಹುದು.

ಸಾಕ್ಷ್ಯ, ದಾಖಲೆಗಳ ಮರುಪರಿಶೀಲನೆಗೆ ಮೊದಲ ಮೇಲ್ಮನವಿಯೇ ನಿಜವಾದ ಅವಕಾಶ. ಎರಡನೇ ಮೇಲ್ಮನವಿಯಲ್ಲಿ ಹೈಕೋರ್ಟ್ ಪರಿಶೀಲಿಸುವುದು ಕಾನೂನಿನ ಮಹತ್ವದ ಪ್ರಶ್ನೆಯನ್ನು ಮಾತ್ರ.

ಒಂದೇ ಪ್ರಕರಣದ ತೀರ್ಪು ಎರಡು ಬಾರಿ ಮಗುಚಿದ್ದಕ್ಕೆ ಜಯಲಲಿತಾ ಅಕ್ರಮ ಆಸ್ತಿ ಪ್ರಕರಣ ನಿದರ್ಶನ. 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು. 2015ರಲ್ಲಿ ಕರ್ನಾಟಕ ಹೈಕೋರ್ಟ್ ಎಲ್ಲರನ್ನೂ ಖುಲಾಸೆಗೊಳಿಸಿತು. ಕರ್ನಾಟಕ ಸರ್ಕಾರದ ಮೇಲ್ಮನವಿಯ ಮೇರೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ರದ್ದುಪಡಿಸಿತು. ಅಷ್ಟರಲ್ಲಿ ಜಯಲಲಿತಾ ನಿಧನರಾಗಿದ್ದರು.

ಶಾಸಕಾಂಗಕ್ಕೂ ತೀರ್ಪನ್ನು ನೇರವಾಗಿ ಅಳಿಸಲಾಗದು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ನಿಷ್ಫಲಗೊಳಿಸಲು ಕರ್ನಾಟಕ 1991ರಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯನ್ನು ಅದೇ ವರ್ಷ ಸುಪ್ರೀಂ ಕೋರ್ಟ್ ಅಸಾಂವಿಧಾನಿಕ ಎಂದಿತು. ಆದರೆ ತೀರ್ಪಿಗೆ ಆಧಾರವಾದ ದೋಷವನ್ನು ಹೊಸ ಕಾನೂನಿನಿಂದ ನಿವಾರಿಸಬಹುದು. ಬಡ್ತಿ ಮೀಸಲಾತಿಯಡಿ ಜ್ಯೇಷ್ಠತೆ ನೀಡುತ್ತಿದ್ದ ರಾಜ್ಯದ ಕಾಯ್ದೆ 2017ರಲ್ಲಿ ಪವಿತ್ರಾ ಪ್ರಕರಣದಲ್ಲಿ ಬಿದ್ದುಹೋಯಿತು. ಅಗತ್ಯ ಅಂಕಿಅಂಶ ಸಂಗ್ರಹಿಸಿ ರೂಪಿಸಿದ ಹೊಸ ಕಾಯ್ದೆಯನ್ನು ಅದೇ ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು.

ಅಮೆರಿಕದಲ್ಲೂ ಕ್ರಮ ಹೆಚ್ಚುಕಡಿಮೆ ಇದೇ. ಸಂವಿಧಾನವನ್ನು ಅರ್ಥೈಸಿ ಅಲ್ಲಿನ ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ಅದೇ ನ್ಯಾಯಾಲಯ ಬದಲಿಸಬೇಕು, ಇಲ್ಲವೇ ಸಂವಿಧಾನ ತಿದ್ದುಪಡಿಯಾಗಬೇಕು. ಗರ್ಭಪಾತದ ಹಕ್ಕು ಕುರಿತ 1973ರ ತೀರ್ಪನ್ನು 2022ರಲ್ಲಿ ನ್ಯಾಯಾಲಯವೇ ತಳ್ಳಿಹಾಕಿತು. ಕರಿಯರು ಪೌರರಲ್ಲವೆಂದ 1857ರ ತೀರ್ಪನ್ನು ಮೂಲೆಗೊತ್ತಿದ್ದು 1868ರ ತಿದ್ದುಪಡಿ. ಅಲ್ಲಿನ ಅಧ್ಯಕ್ಷರು ಕ್ಷಮಾದಾನ ನೀಡಬಲ್ಲರು, ಅದೂ ಒಕ್ಕೂಟದ ಕಾನೂನಿನಡಿಯ ಅಪರಾಧಗಳಿಗೆ ಮಾತ್ರ. ನಮ್ಮಲ್ಲಿ ರಾಷ್ಟ್ರಪತಿ, ರಾಜ್ಯಪಾಲರು ಶಿಕ್ಷೆಯನ್ನು ಮನ್ನಾ ಮಾಡಬಹುದೇ ಹೊರತು ತೀರ್ಪು ತಪ್ಪೆಂದು ಸಾರಲಾರರು.

ಮೇಲ್ಮನವಿಯ ವೆಚ್ಚ ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಮಹಿಳೆಯರು, ಮಕ್ಕಳು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಸಹಾಯವಾಣಿ 15100.