ವೀಸಾ ಎಂಬ ಹೊಸ್ತಿಲು

ಮೆಲ್ಬರ್ನ್ ನಗರದಲ್ಲಿ ವಿಕ್ಟೋರಿಯಾ ಮತ್ತು ರಸೆಲ್ ರಸ್ತೆಗಳು ಕೂಡುವ ಕಡೆ ಒಂದು ಸ್ಮಾರಕವಿದೆ. ಅದರ ತುದಿಯಲ್ಲಿ ಮೂರು ಎಂಟರ ಅಂಕಿಗಳು: ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ನಿದ್ದೆ. 1856ರ ಏಪ್ರಿಲ್ 21ರಂದು ವಿಶ್ವವಿದ್ಯಾಲಯದ ಕಟ್ಟಡ ಕಟ್ಟುತ್ತಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆ ಕೆಳಗಿಟ್ಟು ಪಾರ್ಲಿಮೆಂಟಿನ ಕಡೆಗೆ ನಡೆದದ್ದರ ನೆನಪು ಅದು. ಐವತ್ತು ವರ್ಷದ ನಂತರ, 1907ರಲ್ಲಿ, ನ್ಯಾಯಮೂರ್ತಿ ಹಿಗಿನ್ಸ್ ಸನ್‌ಶೈನ್ ಬಡಾವಣೆಯ ಕಟಾವು ಯಂತ್ರದ ಕಾರ್ಖಾನೆಯ ಮೊಕದ್ದಮೆಯಲ್ಲಿ ದಿನಕ್ಕೆ ಏಳು ಶಿಲಿಂಗ್ ಕೂಲಿಯನ್ನು ನ್ಯಾಯವೆಂದು ತೀರ್ಮಾನಿಸಿದರು. ಹೆಂಡತಿ ಮಕ್ಕಳೊಂದಿಗೆ ಮಾನವಾಗಿ ಬದುಕಲು ಎಷ್ಟು ಬೇಕೋ ಅಷ್ಟನ್ನು ಮಾಲೀಕ ಕೊಡಲೇಬೇಕು ಎಂಬುದು ಅವರ ತರ್ಕ.

ಈ ಕಥೆಯನ್ನು ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಇದೇ ವಿಕ್ಟೋರಿಯಾದ 1896ರ ಕಾರ್ಖಾನೆ ಕಾಯ್ದೆಯಲ್ಲಿ, ಒಬ್ಬನೇ ಒಬ್ಬ ಚೀನೀಯ ದುಡಿಯುತ್ತಿದ್ದರೂ ಆ ಜಾಗ ಕಾರ್ಖಾನೆಯೆಂದೇ ಲೆಕ್ಕ. ಚೀನೀಯರು ಮಾಡಿದ ಮೇಜು ಕುರ್ಚಿಗಳ ಮೇಲೆ ಹಾಗೆಂದು ಮುದ್ರೆ ಒತ್ತಬೇಕಿತ್ತು. ಕಾರ್ಮಿಕರಿಗೆಂದು ಕಟ್ಟಿದ ಮನೆಗೆ ಮೊದಲಿನಿಂದಲೂ ಒಂದು ಹೊಸ್ತಿಲಿತ್ತು. ಕೊರೊನಾ ಕಾಲದಲ್ಲಿ ಅದು ನಮ್ಮವರ ಕಾಲಿಗೇ ತಗುಲಿತು.

ನಾನು ಸಿಡ್ನಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಂಬಳದ ಲೆಕ್ಕ ನೋಡಿಕೊಡುವವನು. 2020ರ ಮಾರ್ಚ್ 23ರಿಂದ ಹೋಟೆಲುಗಳಲ್ಲಿ ಪಾರ್ಸೆಲ್ ಮಾತ್ರ ಎಂದಾಯಿತು. ಮಾಲೀಕರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಕೆಲಸವೇ ಇಲ್ಲ, ಸಂಬಳ ಕೊಡಬೇಕೆ? 2009ರ ಫೇರ್ ವರ್ಕ್ ಕಾಯ್ದೆಯಲ್ಲಿ ಉತ್ತರ ಆಗಲೇ ಇತ್ತು. ಮಾಲೀಕನ ಕೈಮೀರಿದ ಕಾರಣಕ್ಕೆ ಕೆಲಸ ನಿಂತರೆ ಆಳನ್ನು ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಬಹುದು. ಕೆಲಸ ಹೋಗುವುದಿಲ್ಲ, ದುಡ್ಡು ಬರುವುದಿಲ್ಲ.

ಏಪ್ರಿಲ್ 8ರಂದು ಪಾರ್ಲಿಮೆಂಟು ಒಂದೇ ದಿನದಲ್ಲಿ ಜಾಬ್‌ಕೀಪರ್ ಕಾನೂನನ್ನು ಅಂಗೀಕರಿಸಿತು. ವಹಿವಾಟು ಶೇಕಡ 30ರಷ್ಟು ಕುಸಿದ ವ್ಯಾಪಾರಿಯ ಅರ್ಹ ನೌಕರರಿಗೆ ತಲಾ ಎರಡು ವಾರಕ್ಕೆ 1,500 ಡಾಲರ್. ಮೊದಲು ಮಾಲೀಕನೇ ಕೈಯಿಂದ ಕೊಡಬೇಕು. ತೆರಿಗೆ ಇಲಾಖೆ ತಿಂಗಳ ಮೇಲೆ ಅದನ್ನು ತುಂಬಿಕೊಡುತ್ತದೆ. ಅರ್ಹರಲ್ಲಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಡುವಂತಿಲ್ಲ. ಕೆಲಸದ ಗಂಟೆ, ಬಗೆ, ಜಾಗ ಬದಲಿಸಬಹುದು. ಆದರೆ ಮೂರು ದಿನ ಮೊದಲೇ ಬರಹದಲ್ಲಿ ತಿಳಿಸಬೇಕು, ಗಂಟೆಯ ದರ ಇಳಿಸಬಾರದು. ಅದೇ ದಿನ ಫೇರ್ ವರ್ಕ್ ಕಮಿಷನ್, ಆಯಾ ಕಸುಬಿನ ಕನಿಷ್ಠ ಕೂಲಿ ಮತ್ತು ರಜೆ ನಿಗದಿ ಮಾಡುವ 99 ಅವಾರ್ಡುಗಳಿಗೆ ಎರಡು ವಾರದ ಸಂಬಳರಹಿತ ಸಾಂಕ್ರಾಮಿಕ ರಜೆಯನ್ನು ಸೇರಿಸಿತು.

ಒಳ್ಳೆಯ ಕಾನೂನೇ. ಆದರೆ ಅರ್ಹರು ಯಾರು? ನಾಗರಿಕರು, ಕಾಯಂ ನಿವಾಸಿಗಳು, ನ್ಯೂಜಿಲೆಂಡಿನವರು. ಕ್ಯಾಷುಯಲ್ ಆಗಿದ್ದರೆ ಒಂದು ವರ್ಷ ನಿಯಮಿತವಾಗಿ ದುಡಿದಿರಬೇಕು. ನನ್ನ ಲೆಕ್ಕದಲ್ಲಿದ್ದ ಒಂದು ಅಡುಗೆಮನೆಯಲ್ಲಿ ಮೂವರಿದ್ದರು. ಊಟ ಬಡಿಸುವಾಕೆ ಪಿಆರ್, ಹೆಸರು ಪಟ್ಟಿಗೆ ಸೇರಿತು. ಮುಖ್ಯ ಅಡುಗೆಯವರು 482 ವೀಸಾದವರು, ಪಾತ್ರೆ ತೊಳೆಯುವ ಹುಡುಗ ವಿದ್ಯಾರ್ಥಿ, ಇಬ್ಬರದೂ ಸೇರಲಿಲ್ಲ. ಮೂವರ ಸಂಬಳದಿಂದಲೂ ತೆರಿಗೆ ಮುರಿದುಕೊಂಡಿದ್ದು ನಾನೇ. 482ರವರಿಗೆ ಆಗ ಇನ್ನೊಂದು ಹೆದರಿಕೆಯಿತ್ತು: ಕೆಲಸ ಹೋದರೆ 60 ದಿನಗಳೊಳಗೆ ಬೇರೆ ಮಾಲೀಕನನ್ನು ಹುಡುಕಬೇಕಿತ್ತು. ಪ್ರಧಾನಿ ಸ್ಕಾಟ್ ಮಾರಿಸನ್ ಏಪ್ರಿಲ್ 3ರಂದೇ, ಜೀವನ ಸಾಗಿಸಲಾಗದ ತಾತ್ಕಾಲಿಕ ವೀಸಾದವರು ತಮ್ಮ ತಮ್ಮ ಊರಿಗೆ ಹೋಗುವ ಹೊತ್ತಾಯಿತು ಎಂಬರ್ಥದ ಮಾತಾಡಿದ್ದರು. ಬೆಂಗಳೂರಿಗೆ ಹೋಗೋಣವೆಂದರೆ ವಿಮಾನವೆಲ್ಲಿತ್ತು? ಉಳಿದ ದಾರಿಯೆಂದರೆ ಮುಪ್ಪಿಗೆಂದು ಕೂಡಿಟ್ಟ ಸೂಪರ್ ನಿಧಿಯಿಂದ 10,000 ಡಾಲರ್‌ವರೆಗೆ ತೆಗೆದುಕೊಳ್ಳುವುದು.

ಊರಿನಲ್ಲೂ ಸ್ಥಿತಿ ಬೇರೆ ಇರಲಿಲ್ಲ. ಪೂರ್ತಿ ಸಂಬಳ ಕೊಡಿ ಎಂದು ಕೇಂದ್ರ ಮಾರ್ಚ್ 29ರಂದು ಮಾಲೀಕರಿಗೆ ಹೊರಡಿಸಿದ ಆದೇಶ ಮೇ ತಿಂಗಳಲ್ಲಿ ರದ್ದಾಯಿತು. ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳನ್ನು ಕರ್ನಾಟಕ ಸರ್ಕಾರ ನಿಲ್ಲಿಸಿ, ಕೂಗೆದ್ದ ಮೇಲೆ ಮತ್ತೆ ಬಿಟ್ಟಿತು. ಕಾರ್ಖಾನೆ ಕೆಲಸವನ್ನು ದಿನಕ್ಕೆ 10 ಗಂಟೆಗೆ ಏರಿಸಿದ ಮೇ 22ರ ಅಧಿಸೂಚನೆ, ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ ಜೂನಿನಲ್ಲಿ ಹಿಂದಕ್ಕೆ ಹೋಯಿತು. ಇಲ್ಲಿ ಹೋಗಿ ಎಂದರು, ಅಲ್ಲಿ ಹೋಗಬೇಡಿ ಎಂದರು. ಎರಡೂ ಕಡೆ ಕಷ್ಟಪಟ್ಟವನು ಪರಊರಿನ ದುಡಿಮೆಗಾರನೇ.

ಹೊಸ್ತಿಲಾಚೆ ಯಾರನ್ನೋ ಬಿಟ್ಟರೆ ಒಳಗಿನವರಿಗೂ ಕ್ಷೇಮವಿಲ್ಲ ಎಂಬುದನ್ನು ಮೆಲ್ಬರ್ನಿನ ಎರಡನೆಯ ಅಲೆ ಕಲಿಸಿತು. ರಜೆ ಹಾಕಿದರೆ ಸಂಬಳವಿಲ್ಲದ ಕ್ಯಾಷುಯಲ್ ಕೆಲಸಗಾರ ಕೆಮ್ಮು ಬಂದರೂ ಕೆಲಸಕ್ಕೆ ಹೋಗುತ್ತಾನೆ. ವೃದ್ಧಾಶ್ರಮಗಳಲ್ಲಿ ಒಬ್ಬರೇ ಎರಡು ಮೂರು ಕಡೆ ದುಡಿಯುತ್ತಿದ್ದರು. ಜುಲೈ 27ರಂದು ಕಮಿಷನ್ ವೃದ್ಧರ ಆರೈಕೆಯವರಿಗೆ ಎರಡು ವಾರದವರೆಗೆ ಸಂಬಳಸಹಿತ ರಜೆ ಕೊಟ್ಟಿತು. ನಿಯಮಿತ ಕ್ಯಾಷುಯಲ್‌ಗಳಿಗೂ ಅದು ಸಿಕ್ಕಿತು. ಪ್ರತ್ಯೇಕವಾಗಿರಬೇಕಾದ ಕಾರ್ಮಿಕರಿಗೆ ವಿಕ್ಟೋರಿಯಾ ಸರ್ಕಾರ ಕೊಟ್ಟ 1,500 ಡಾಲರಿಗೆ ವೀಸಾದ ಅಡ್ಡಿ ಇರಲಿಲ್ಲ. ಆಗಸ್ಟಿನಲ್ಲಿ ರಾತ್ರಿ ಕರ್ಫ್ಯೂ ಬಂದಾಗ, ಕೆಲಸಕ್ಕೆ ಹೊರಡುವವರಿಗೆ ಪರವಾನಗಿ ಚೀಟಿ ಬರೆದುಕೊಡುವ ಹೊಣೆ ಮಾಲೀಕನ ಮೇಲೆ ಬಿತ್ತು. ತಪ್ಪಿದರೆ ಭಾರಿ ದಂಡ.

2021ರ ಜೂನ್ 26ರಂದು ಸಿಡ್ನಿ ಮುಚ್ಚಿತು. ತೆರೆದದ್ದು ಅಕ್ಟೋಬರ್ 11ಕ್ಕೆ. ಜಾಬ್‌ಕೀಪರ್ ಮಾರ್ಚ್‌ನಲ್ಲೇ ಮುಗಿದಿತ್ತು. ಅದರ ಬದಲಿಗೆ ಬಂದ ವಿಪತ್ತು ಪರಿಹಾರ ಮಾಲೀಕನ ಕೈ ಹಾಯದೆ ನೇರವಾಗಿ ಕಾರ್ಮಿಕನ ಖಾತೆಗೆ ಬರುತ್ತಿತ್ತು; ಆಗಸ್ಟಿನ ಹೊತ್ತಿಗೆ ವಾರಕ್ಕೆ 750 ಡಾಲರ್‌ವರೆಗೆ. ಅದಕ್ಕೆ ಕೆಲಸ ಮಾಡುವ ಹಕ್ಕಿದ್ದ ತಾತ್ಕಾಲಿಕ ವೀಸಾದವರೂ ಅರ್ಹರು. ಹಿಂದಿನ ವರ್ಷ ಅಸಾಧ್ಯವೆಂದದ್ದು ಈ ವರ್ಷ ಒಂದು ಅರ್ಜಿಯಲ್ಲಿ ಸಾಧ್ಯವಾಯಿತು. ಬೊಕ್ಕಸವೇನೂ ಬರಿದಾಗಲಿಲ್ಲ.

2023ರಲ್ಲಿ ಫೇರ್ ವರ್ಕ್ ಕಾಯ್ದೆಗೇ ಒಂದು ಕಲಮು ಸೇರಿತು: ವಲಸೆಯ ಸ್ಥಾನಮಾನ ಏನೇ ಇರಲಿ, ಅದರಿಂದ ಕೆಲಸದ ಕರಾರಿನ ಸಿಂಧುತ್ವಕ್ಕೆ ಧಕ್ಕೆಯಿಲ್ಲ. ಕಲ್ಲುಕುಟಿಗರ ಆ ಮೆರವಣಿಗೆಯಾಗಿ 167 ವರ್ಷಗಳಾಗಿದ್ದವು. ಊರಿನಿಂದ ಹೊಸದಾಗಿ ಬಂದ ಹುಡುಗರು ಕೆಲಸ ಸಿಕ್ಕಿತೆಂದು ಖುಷಿಯಿಂದ ಬಂದು ಹೇಳಿದಾಗ ನಾನು ಎರಡು ಮಾತು ಕೇಳುತ್ತೇನೆ: ನಿನ್ನ ಅವಾರ್ಡ್ ಯಾವುದು? ಕಾಗದದಲ್ಲಿ ಕ್ಯಾಷುಯಲ್ ಎಂದಿದೆಯೋ, ಕಾಯಂ ಎಂದಿದೆಯೋ? ಬಹಳ ಜನ ಆ ಕಾಗದವನ್ನು ಓದಿಯೇ ಇರುವುದಿಲ್ಲ. ಮೊದಲು ಓದಪ್ಪ, ಆಮೇಲೆ ಕಾಫಿ ಕುಡಿಯೋಣ ಎನ್ನುತ್ತೇನೆ.