ಹಾಳೂರಿಗೆ ಕ್ಯಾಮೆರಾವೇ ಸಾಕ್ಷಿ

ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ ಕುಳಿತವರು ಭೀಮಾ ನದಿ ಬರುವ ಮುನ್ನ ಒಮ್ಮೆ ಕಿಟಕಿಯಿಂದ ಹೊರಗೆ ಕಣ್ಣು ಹಾಯಿಸಬೇಕು. ತೊಗರಿ ಹೊಲಗಳ ಆಚೆ ದಪ್ಪ ಕಲ್ಲಿನ ಗೋಡೆ, ಮುರಿದ ಕಮಾನು, ಜಾಲಿ ಬೆಳೆದ ಅಗಸಿ ಕಾಣುತ್ತವೆ. ಅದು ಫಿರೋಜಾಬಾದ್. ಬಹಮನಿ ಸುಲ್ತಾನ ಫಿರೋಜ್ ಷಾ ಭೀಮೆಯ ದಂಡೆಯ ಮೇಲೆ ಕಟ್ಟಿಸಿದ ಅರಮನೆಯ ನಗರ. ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆ ನದಿ. ಒಳಗೆ ವಿಶಾಲವಾದ ಜಾಮಿ ಮಸೀದಿ, ಅರಮನೆ, ಸ್ನಾನಗೃಹಗಳು.

ಫಿರೋಜ್ ಷಾ ಆಳಿದ್ದು 1397ರಿಂದ 1422ರವರೆಗೆ. ಆತನ ನಂತರ ಪಟ್ಟಕ್ಕೆ ಬಂದ ತಮ್ಮ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಸುಲ್ತಾನ ಹೋದ, ದರಬಾರು ಹೋಯಿತು, ಅದನ್ನು ನೆಚ್ಚಿಕೊಂಡಿದ್ದ ಜನರೂ ಹೋದರು. ಒಂದು ತಲೆಮಾರು ಬಾಳುವುದರೊಳಗೆ ನಗರ ಖಾಲಿಯಾಯಿತು. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ನಮ್ಮಲ್ಲಿದೆ. ಫಿರೋಜಾಬಾದಿನಲ್ಲಿ ಗೌಡಿಕೆ ಮಾಡಿದ್ದು ಗಾಳಿ, ಮಳೆ ಮತ್ತು ಜಾಲಿಗಿಡ.

ಈ ಹಾಳೂರನ್ನು ವಿದ್ವಾಂಸರಾದ ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಅಳೆದು, ನಕ್ಷೆ ಬರೆದು, ಚಿತ್ರಗಳೊಂದಿಗೆ 1992ರಲ್ಲಿ ಪುಸ್ತಕವಾಗಿ ಹೊರತಂದರು. ನಗರ ಖಾಲಿಯಾಗಿ ಐದೂವರೆ ಶತಮಾನ ಕಳೆದ ಮೇಲೆ ಅದಕ್ಕೊಂದು ಸಮಗ್ರ ದಾಖಲೆ ಸಿಕ್ಕಿತು. ಕಲ್ಲಿನ ಕಟ್ಟಡವಾದ್ದರಿಂದ ಅಷ್ಟು ಕಾಲ ಕಾದಿತು. ಆದರೆ ತಗಡು, ಕಬ್ಬಿಣ, ಇಟ್ಟಿಗೆಯ ಕಟ್ಟಡಗಳ ಕಥೆಯೇನು? ನಿನ್ನೆ ಮೊನ್ನೆ ಬಾಗಿಲು ಹಾಕಿದ ಗಿರಣಿ, ಕಾರ್ಖಾನೆ, ಗಣಿಗಳ ಕಥೆಯೇನು? ಅವು ಐದು ಶತಮಾನ ಕಾಯುವುದಿಲ್ಲ. ಐದು ವರ್ಷ ಕಾದರೆ ಹೆಚ್ಚು.

ಪಾಳುಬಿದ್ದ ಕಾರ್ಖಾನೆಗಳನ್ನು, ಜನ ಬಿಟ್ಟುಹೋದ ತಾಣಗಳನ್ನು ಹುಡುಕಿ ಛಾಯಾಚಿತ್ರ ತೆಗೆಯುವುದು ಇಂದು ಜಗತ್ತಿನ ಅನೇಕ ಕಡೆ ಹವ್ಯಾಸವೂ ಹೌದು, ಗಂಭೀರ ಅಧ್ಯಯನವೂ ಹೌದು. ಇದು ಹೊರದೇಶದ ಹೊಸ ಶೋಕಿ ಎಂದು ತೋರಬಹುದು. ಆದರೆ ಹಾಳು ಕಟ್ಟಡದ ಮುಂದೆ ಕ್ಯಾಮೆರಾ ಇಟ್ಟ ಚರಿತ್ರೆ ನಮ್ಮ ನೆಲದಲ್ಲೇ ಸಾಕಷ್ಟು ಹಳೆಯದು.

ಪೆಟ್ಟಿಗೆ ಹೊತ್ತ ಸೈನಿಕರು

ಛಾಯಾಚಿತ್ರ ಕಲೆ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಹದಿನಾರು ವರ್ಷಗಳೊಳಗೆ ಅದು ಬಿಜಾಪುರ ತಲುಪಿತ್ತು. ಈಸ್ಟ್ ಇಂಡಿಯಾ ಕಂಪನಿ 1855ರಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನ ನಂತರ ಆ ಕೆಲಸವನ್ನು ವೈದ್ಯ ಪಿಗೌ ಮುಂದುವರಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮತ್ತೊಬ್ಬ ಸೇನಾಧಿಕಾರಿ ಹಂಪಿಗೆ ಹೋದ.

ಆಗಿನ ಕ್ಯಾಮೆರಾ ಎಂದರೆ ಆಳೆತ್ತರದ ಕಾಲುಗಳ ಮೇಲೆ ನಿಲ್ಲುವ ಮರದ ಪೆಟ್ಟಿಗೆ. ಫಿಲ್ಮ್ ಇರಲಿಲ್ಲ. ಕಾಗದಕ್ಕೆ ಮೇಣ ಹೀರಿಸಿ, ಬೆಳ್ಳಿಯ ಲವಣ ಸವರಿ, ಅದನ್ನೇ ಪೆಟ್ಟಿಗೆಯೊಳಗೆ ಇಡಬೇಕಿತ್ತು. ಮುಚ್ಚಳ ತೆರೆದು ನಿಮಿಷಗಟ್ಟಲೆ ಬೆಳಕು ಬೀಳಿಸಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವ ಮನುಷ್ಯ ಎಲ್ಲಿದ್ದಾನೆ? ನಡೆದಾಡಿದವರು ಚಿತ್ರದಲ್ಲಿ ಮೂಡುತ್ತಲೇ ಇರಲಿಲ್ಲ, ಮೂಡಿದರೂ ಹೊಗೆಯಂತೆ ಮೂಡುತ್ತಿದ್ದರು. ಹಾಳು ಗುಡಿ ಮಾತ್ರ ಅಲುಗುವುದಿಲ್ಲ. ಹೀಗಾಗಿ ಆ ಕಾಲದ ಕ್ಯಾಮೆರಾಕ್ಕೂ ಪಾಳುಬಿದ್ದ ಕಟ್ಟಡಕ್ಕೂ ಒಳ್ಳೆಯ ಜೋಡಿ ಕೂಡಿತು.

ಗ್ರೀನ್‌ಲಾ ತೆಗೆದ ಕಾಗದದ ನೆಗೆಟಿವ್‌ಗಳು ಬೆಳಕಿಗೆ ಬಂದದ್ದು ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು, ಅವೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನೂರ ಇಪ್ಪತ್ತೇಳು ವರ್ಷಗಳಲ್ಲಿ ಬಿದ್ದದ್ದೇನು, ಉಳಿದದ್ದೇನು, ಸೇರಿಸಿದ್ದೇನು ಎಂಬುದು ಕಣ್ಣಿಗೆ ಕಟ್ಟುತ್ತದೆ. ಒಂದೇ ಚಿತ್ರವಾದರೆ ಬರೀ ನೆನಪು, ಎರಡಾದರೆ ಸಾಕ್ಷ್ಯ.

ಜೇವರ್ಗಿಯ ನಂಟೂ ಈ ಚರಿತ್ರೆಗೆ ಇದೆ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಬಳಿ ಬೃಹತ್ ಶಿಲಾ ಸಂಸ್ಕೃತಿಯ ಕಲ್ಲುಗುಪ್ಪೆಗಳನ್ನು ಅಗೆಸಿದ. ಕಲ್ಲುವೃತ್ತಗಳ ಅಡಿಯಲ್ಲಿದ್ದ ಆ ಪ್ರಾಚೀನ ಸಮಾಧಿಗಳ ವಿವರವನ್ನು 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಆಗ ಅವನ ನೆರವಿಗೆ ಇದ್ದದ್ದು ಲೇಖನಿ ಮತ್ತು ರೇಖಾಚಿತ್ರ. ಮುಂದೆ 1866ರಲ್ಲಿ ಬಿಗ್ಸ್, ಪಿಗೌ ಮುಂತಾದವರ ಛಾಯಾಚಿತ್ರಗಳನ್ನು ಒಳಗೊಂಡು ಬಿಜಾಪುರದ ಬಗ್ಗೆ ಒಂದು, ಧಾರವಾಡ-ಮೈಸೂರು ಸೀಮೆಯ ಬಗ್ಗೆ ಇನ್ನೊಂದು ದೊಡ್ಡ ಗ್ರಂಥ ಲಂಡನ್ನಿನಲ್ಲಿ ಅಚ್ಚಾದಾಗ, ಅವುಗಳಿಗೆ ಚಾರಿತ್ರಿಕ ಟಿಪ್ಪಣಿ ಬರೆದವನೂ ಇದೇ ಟೇಲರ್.

ನಿಂತ ಭೋಂಗಾ

ಆ ಗ್ರಂಥಗಳು ಹೊರಬಂದ ಐದೇ ವರ್ಷಕ್ಕೆ, 1871ರಲ್ಲಿ, ಮುಂಬಯಿ ಕಡೆಯ ರೈಲು ಹಳಿ ಕಲಬುರಗಿಯನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ಕಪ್ಪುನೆಲದ ಹತ್ತಿಗೆ ದಾರಿ ತೆರೆಯಿತು. 1880ರ ದಶಕದಲ್ಲಿ ಕಲಬುರಗಿಯಲ್ಲಿ ನೂಲು-ಬಟ್ಟೆಯ ಗಿರಣಿ ತಲೆಯೆತ್ತಿತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಹೆಸರು ಹೊತ್ತ ಮಹಬೂಬ್ ಶಾಹಿ ಕಲಬುರ್ಗಿ ಮಿಲ್, ಜನರ ಬಾಯಲ್ಲಿ ಎಂ.ಎಸ್.ಕೆ. ಮಿಲ್.

ಅದೇ ದಶಕದಲ್ಲಿ ಲಾಲಾ ದೀನ್ ದಯಾಳ್ ನಿಜಾಮನ ಆಸ್ಥಾನದ ಛಾಯಾಗ್ರಾಹಕರಾದದ್ದು ಕಾಕತಾಳೀಯ. ದೀನ್ ದಯಾಳರ ಹೆಸರು ಕೇಳಿದರೆ ನಮಗೆ ನೆನಪಾಗುವುದು ಅರಮನೆ, ಬೇಟೆ, ವೈಸರಾಯರ ಭೇಟಿಯ ಚಿತ್ರಗಳು. ನೂಲು ತೆಗೆಯುತ್ತಿದ್ದ ಕೈಗಳ ಚಿತ್ರ ಯಾವ ಆಸ್ಥಾನಕ್ಕೆ ಬೇಕಿತ್ತು?

ಗಿರಣಿಯ ಭೋಂಗಾ ಊರಿಗೇ ಗಡಿಯಾರವಾಗಿದ್ದ ಕಾಲವೊಂದಿತ್ತು. ಮುಂದೆ ಗಿರಣಿ ರಾಷ್ಟ್ರೀಯ ಜವಳಿ ನಿಗಮದ ಕೈಸೇರಿತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಯಂತ್ರಗಳು ನಿಂತಿದ್ದವು. ಇಂದು ಕಲಬುರಗಿಯಲ್ಲಿ ವಿಳಾಸ ಕೇಳಿದರೆ ‘ಎಂ.ಎಸ್.ಕೆ. ಮಿಲ್ ಹತ್ತಿರ’ ಎನ್ನುತ್ತಾರೆ. ಹಾಗೆನ್ನುವ ಹುಡುಗರು ಮಿಲ್ಲಿನ ಸದ್ದು ಕೇಳಿದವರಲ್ಲ. ಹೆಸರು ಉಳಿದಿದೆ, ಹೆಸರಿನ ಹಿಂದಿನ ದುಡಿಮೆ ಮರೆಯಾಗುತ್ತಿದೆ.

ಜಿಲ್ಲೆಯ ಇನ್ನೊಂದು ಮಗ್ಗುಲಿಗೆ ಹೋದರೂ ಇದೇ ಕಥೆ. ಫರಸಿ ಕಲ್ಲಿಗೆ ಹೆಸರಾದ ಶಹಾಬಾದಿನಲ್ಲಿ 1920ರ ದಶಕದಲ್ಲೇ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅದೂ ಅದರೊಳಗೆ ಸೇರಿತು. ಆ ಹಳೆಯ ಕಾರ್ಖಾನೆಯ ಗೂಡುಗಳಲ್ಲಿ ಈಗ ಬೆಂಕಿಯಿಲ್ಲ. ಸೇಡಂ ತಾಲ್ಲೂಕಿನ ಕುರಕುಂಟದಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ನಿಗಮ 1972ರಲ್ಲಿ ಆರಂಭಿಸಿದ ಕಾರ್ಖಾನೆ 1998ರಲ್ಲಿ ನಿಂತಿತು. ರಾಜ್ಯದ ಆ ತುದಿಯ ಕೋಲಾರ ಚಿನ್ನದ ಗಣಿಯಂತೂ ಎಲ್ಲರಿಗೂ ಗೊತ್ತು. 1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಕಂಪನಿ ಕೈಹಾಕಿದ, 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು.

ಜರ್ಮನಿಯ ದಂಪತಿ

ಬಾಗಿಲು ಹಾಕಿದ ಕಾರ್ಖಾನೆಯಲ್ಲಿ ನೋಡಲು ಏನಿದೆ ಎಂದು ಕೇಳುವವರಿಗೆ ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ಉತ್ತರ ಕೊಟ್ಟರು. 1959ರಿಂದ ಅವರು ಕಲ್ಲಿದ್ದಲು ಗಣಿ, ಊದುಕುಲುಮೆ, ನೀರಿನ ಗೋಪುರಗಳ ಚಿತ್ರ ತೆಗೆಯತೊಡಗಿದರು. ಅವರ ಕ್ರಮ ಕಟ್ಟುನಿಟ್ಟು. ಮೋಡ ಮುಸುಕಿದ ದಿನವೇ ಬೇಕು, ನೆರಳು ಬೀಳಬಾರದು. ನೇರವಾಗಿ ನೋಡಬೇಕು, ಕೋನ ಓರೆಯಾಗಬಾರದು. ಒಂದೇ ಬಗೆಯ ಹತ್ತಾರು ಗೋಪುರಗಳನ್ನು ಹೀಗೆ ತೆಗೆದು ಸಾಲಾಗಿ ಜೋಡಿಸಿದಾಗ, ಯಾರೂ ತಿರುಗಿ ನೋಡದ ಕಬ್ಬಿಣದ ರಚನೆಗಳಲ್ಲಿ ಗುಡಿ-ಗೋಪುರಗಳಲ್ಲಿರುವಂತೆಯೇ ಶೈಲಿ, ಪ್ರಾದೇಶಿಕ ಭೇದ ಇರುವುದು ಕಂಡಿತು. 1990ರ ವೆನಿಸ್ ಕಲಾಮೇಳ ಅವರಿಗೆ ಪ್ರಶಸ್ತಿ ಕೊಟ್ಟದ್ದು ಶಿಲ್ಪಕಲೆಯ ವಿಭಾಗದಲ್ಲಿ!

ಕಣ್ಣು ಬದಲಾದರೆ ಕಾನೂನೂ ನಿಧಾನವಾಗಿ ಬದಲಾಗುತ್ತದೆ. ಅದೇ ಜರ್ಮನಿಯ ಎಸ್ಸೆನ್ ನಗರದಲ್ಲಿ 1986ರಲ್ಲಿ ಮುಚ್ಚಿದ ತ್ಸೋಲ್‌ಫೆರೈನ್ ಕಲ್ಲಿದ್ದಲು ಗಣಿ 2001ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮ ಚಿನ್ನದ ಗಣಿ ಮುಚ್ಚಿದ್ದೂ ಅದೇ ವರ್ಷ.

ಚಿತ್ರದಲ್ಲಿ ಯಾರಿಲ್ಲ?

ಈ ಹವ್ಯಾಸಕ್ಕೆ ಟೀಕೆಯೂ ಇದೆ. ಮೋಟಾರು ಕಾರ್ಖಾನೆಗಳು ಮುಚ್ಚಿ ಜನ ವಲಸೆ ಹೋದ ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಛಾಯಾಗ್ರಾಹಕರು ಗುಂಪುಗುಂಪಾಗಿ ಬಂದರು. 1988ರಲ್ಲಿ ಮುಚ್ಚಿದ ಅಲ್ಲಿನ ದೊಡ್ಡ ರೈಲು ನಿಲ್ದಾಣದ ಒಡೆದ ಗಾಜು, ಬಣ್ಣ ಕಿತ್ತ ಗೋಡೆ ಲೋಕಪ್ರಸಿದ್ಧವಾದವು. ‘ನಾವು ಇನ್ನೂ ಇಲ್ಲೇ ಇದ್ದೇವೆ, ನಮ್ಮನ್ನು ಬಿಟ್ಟು ಗೋಡೆಯ ಚಿತ್ರ ತೆಗೆಯುತ್ತೀರಲ್ಲ’ ಎಂಬುದು ಊರಿನವರ ಅಸಮಾಧಾನದ ಸಾರ. 2018ರಲ್ಲಿ ಫೋರ್ಡ್ ಕಂಪನಿ ಕೊಂಡ ಆ ನಿಲ್ದಾಣ ದುರಸ್ತಿಯಾಗಿ 2024ರಲ್ಲಿ ಮತ್ತೆ ಬಾಗಿಲು ತೆರೆಯಿತು. ಹಾಳಾಗಿಯೇ ಇದ್ದರೆ ಚೆಂದ ಎನ್ನುವವರಿಗೆ ಅದೇ ಉತ್ತರ.

ಈ ಟೀಕೆ ನಮಗೂ ಸಲ್ಲುತ್ತದೆ. ಗ್ರೀನ್‌ಲಾನ ಕ್ಯಾಮೆರಾಕ್ಕೆ ಮನುಷ್ಯ ಸಿಗದಿದ್ದದ್ದು ತಾಂತ್ರಿಕ ಮಿತಿ. ನಮ್ಮ ಕ್ಯಾಮೆರಾಕ್ಕೆ ಸಿಗದಿದ್ದರೆ ಅದು ನಮ್ಮ ಉಪೇಕ್ಷೆ. ಮುಚ್ಚಿದ ಕಾರ್ಖಾನೆಯ ಸುತ್ತ ಸಂಬಳ ನಿಂತ ಮನೆಗಳಿರುತ್ತವೆ, ಬಾಕಿ ಹಣಕ್ಕೆ ಅಲೆದವರಿರುತ್ತಾರೆ, ಕೆಲಸ ಹುಡುಕಿ ಪುಣೆ-ಮುಂಬಯಿ ಬಸ್ಸು ಹತ್ತಿದವರಿರುತ್ತಾರೆ. ತುಕ್ಕು ಹಿಡಿದ ಚಕ್ರ ನೋಡಲು ಸುಂದರ. ಆದರೆ ಅದನ್ನು ತಿರುಗಿಸಿದವರ ಹೆಸರಿಲ್ಲದ ಚಿತ್ರ ಅರ್ಧ ಚಿತ್ರ.

ನೂರು ವರ್ಷದ ಲೆಕ್ಕ

ಇನ್ನು ಕಾನೂನಿನ ಮಾತು. 1958ರ ಕೇಂದ್ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಕಟ್ಟಡವೊಂದು ಪ್ರಾಚೀನ ಸ್ಮಾರಕ ಎನಿಸಲು ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕು. ನೂರು ತುಂಬಿದ ಮಾತ್ರಕ್ಕೆ ರಕ್ಷಣೆ ತಾನಾಗಿ ಬರುವುದಿಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಲೆಕ್ಕ ಹಾಕಿ ನೋಡಿ. ಕುರಕುಂಟದ ಕಾರ್ಖಾನೆಗೆ ನೂರು ತುಂಬುವುದು 2072ರಲ್ಲಿ. ಗುಜರಿ ವ್ಯಾಪಾರಿ ಅಲ್ಲಿಯತನಕ ಕಾಯುವನೆ?

ಎಲ್ಲವನ್ನೂ ಉಳಿಸಿಕೊಳ್ಳಿ ಎಂದು ಯಾರೂ ಹೇಳುವುದಿಲ್ಲ. ಊರಿಗೆ ಮನೆ ಬೇಕು, ರಸ್ತೆ ಬೇಕು, ಹೊಸ ಉದ್ಯೋಗ ಬೇಕು. ಆದರೆ ಕೆಡವುವ ಮುನ್ನ ಚಿತ್ರ ತೆಗೆದಿಡಲು ಕಾಯ್ದೆ ಬೇಕಿಲ್ಲ, ಕೋಟಿ ರೂಪಾಯಿಯೂ ಬೇಕಿಲ್ಲ. ಕಿಸೆಯಲ್ಲಿರುವ ಮೊಬೈಲು ಸಾಕು.

ತೆಗೆಯುವುದಕ್ಕೂ ಕ್ರಮವಿದೆ. ಮೊದಲು ಜಾಗದ ಒಡೆಯರ, ಕಾವಲುಗಾರರ ಅನುಮತಿ. ಒಬ್ಬರೇ ಹೋಗಬಾರದು. ತುಕ್ಕು ಹಿಡಿದ ಮೆಟ್ಟಿಲು, ಸಡಿಲ ತಗಡು, ತೆರೆದ ಗುಂಡಿ ಜೀವಕ್ಕೆ ಎರವಾಗಬಲ್ಲವು. ಹಳೆಯ ಕಾರ್ಖಾನೆಗಳ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯ. ಮೊದಲು ಇಡೀ ಕಟ್ಟಡ, ಆಮೇಲೆ ಕೋಣೆ, ಕಡೆಗೆ ಯಂತ್ರದ ಮೇಲಿನ ತಯಾರಕರ ಫಲಕ, ಹೀಗೆ ದೊಡ್ಡದರಿಂದ ಚಿಕ್ಕದಕ್ಕೆ ಬರಬೇಕು. ದಿನಾಂಕ, ಸ್ಥಳ, ಯಾವ ದಿಕ್ಕಿಗೆ ನಿಂತು ತೆಗೆದದ್ದು ಎಂಬುದನ್ನು ಬರೆದಿಡಬೇಕು. ಗೋಲಿಂಗ್ಸ್ ಅವರಂತೆ ಮುಂದೊಬ್ಬರು ಬಂದು ಅದೇ ಜಾಗದಲ್ಲಿ ನಿಲ್ಲಬೇಕಾದರೆ ಅದು ಬೇಕೇ ಬೇಕು. ಅಲ್ಲಿ ದುಡಿದವರು ಯಾರಾದರೂ ಹತ್ತಿರದಲ್ಲಿದ್ದರೆ ಅವರನ್ನು ಕರೆದು, ಅವರು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿ ಚಿತ್ರ ತೆಗೆಯಬೇಕು.

ಕಾರ್ಖಾನೆಯೇ ಆಗಬೇಕೆಂದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕುಸಿಯುತ್ತಿರುವ ಹುಡೇವುಗಳಿವೆ, ಬಾಗಿಲು ತೆರೆಯದ ವಾಡೆಗಳಿವೆ, ಹೂಳು ತುಂಬಿದ ಬಾವಿಗಳಿವೆ. ಪ್ರತಿ ಮಳೆಗಾಲಕ್ಕೆ ಅವುಗಳ ಒಂದೊಂದು ಮೂಲೆ ಬೀಳುತ್ತದೆ. ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ತಮ್ಮೂರಿನ ಹುಡೇವಿನ ಚಿತ್ರ ಅದೇ ಜಾಗದಿಂದ ತೆಗೆದಿಟ್ಟರೂ ಹತ್ತು ವರ್ಷದಲ್ಲಿ ಅದೊಂದು ಚರಿತ್ರೆಯ ಕಡತವಾಗುತ್ತದೆ.

ಕೊನೆಯದಾಗಿ, ಹೊರಗೆ ಹೋಗುವ ಮುನ್ನ ಮನೆಯ ಟ್ರಂಕು ತೆರೆದು ನೋಡುವುದು ಒಳ್ಳೆಯದು. ಮಿಲ್ಲಿನಲ್ಲೋ, ಸಿಮೆಂಟ್ ಕಾರ್ಖಾನೆಯಲ್ಲೋ ಇದ್ದ ಅಜ್ಜನ, ಕಾಕಾನ ಗುಂಪು ಫೋಟೋ ಅಲ್ಲಿರಬಹುದು. ಸಾಲಾಗಿ ನಿಂತ ಅವರಲ್ಲಿ ಯಾರು ಯಾರೆಂದು ಹೇಳಬಲ್ಲವರು ಇಂದು ಮನೆಯಲ್ಲಿರಬಹುದು, ನಾಳೆ ಇರಲಿಕ್ಕಿಲ್ಲ. ಕೇಳಿ, ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದಿಡಿ. ಫಿರೋಜಾಬಾದ್ ಕಟ್ಟಿಸಿದ ಸುಲ್ತಾನನ ಹೆಸರು ಉಳಿದಿದೆ. ಕಲ್ಲು ಹೊತ್ತವರ ಹೆಸರು ಹೇಳುವವರು ಯಾರೂ ಇಲ್ಲ.